ಸುಗ್ಗಿಯ ದಿನಗಳಲ್ಲಿ ಮಕ್ಕಳ ಕೈಗೆಲಸ
(ಸಂಘದ ವಾರ್ಷಿಕೋತ್ಸವ ಸಮಾರಂಭದಲ್ಲಿ ಪೆದ್ದಹರಿವಾಣಂನಲ್ಲಿ ಮಾಡಿದ ಭಾಷಣ)



ಗಡಿನಾಡಿನ ಕನ್ನಡ ಸಂಘವೊಂದರ ವಾರ್ಷಿಕೋತ್ಸವದಲ್ಲಿ ಮಾತನಾಡಲು ಎದ್ದವರು ಕವಿರಾಜಮಾರ್ಗದಿಂದ ತೊಡಗಿ, ವಿಜಯನಗರವನ್ನು ಹಾದು, ಗಡಿಯ ಪ್ರಶ್ನೆಗೆ ಬಂದು ನಿಲ್ಲುವುದು ವಾಡಿಕೆ. ಅಂತಹ ಭಾಷಣಗಳನ್ನು ನಾವೂ ಕೇಳಿದ್ದೇವೆ. ಒಂದೆರಡನ್ನು ಮಾಡಿಯೂ ಇದ್ದೇವೆ. ಈ ಸಲ ಕಾರ್ಯಕರ್ತರು ನಮ್ಮಲ್ಲಿಗೆ ಬಂದು, ತಾಯಂದಿರಿಗೂ ಮಕ್ಕಳಿಗೂ ಉಪಯೋಗವಾಗುವಂತಹುದೇನನ್ನಾದರೂ ಹೇಳಬೇಕೆಂದು ಕೇಳಿದಾಗ, ಜೋಳದ ದಂಟಿನ ಬಂಡಿಯ ವಿಷಯವಾಗಿ ಮಾತನಾಡಿದರೆ ಆದೀತೇ ಎಂದು ಸಂಕೋಚದಿಂದಲೇ ವಿಚಾರಿಸಿದೆವು. ಅವರು ನಕ್ಕರು, ಆದರೆ ಬೇಡವೆನ್ನಲಿಲ್ಲ. ಆ ನಗುವನ್ನೇ ಅಪ್ಪಣೆಯೆಂದು ತಿಳಿದು ಇಲ್ಲಿ ನಿಂತಿದ್ದೇವೆ.

ಈ ಊರಿನ ಹೆಸರೂ ನಮಗೆ ಧೈರ್ಯ ಕೊಟ್ಟಿತೆನ್ನಬೇಕು. ಹರಿವಾಣವೆಂದರೆ ಅಗಲವಾದ ತಟ್ಟೆ. ಆರತಿಯನ್ನು ಎತ್ತುವುದು ಹರಿವಾಣದಲ್ಲಿ, ಫಲತಾಂಬೂಲವನ್ನು ನೀಡುವುದು ಹರಿವಾಣದಲ್ಲಿ. ಈ ಶಬ್ದ ಕನ್ನಡದಲ್ಲಿಯೂ ಉಂಟು, ತೆಲುಗಿನಲ್ಲಿಯೂ ಉಂಟು. ಅದರ ಮುಂದೆ ನಿಂತಿರುವ ‘ಪೆದ್ದ’ ಎಂಬುದು ಮಾತ್ರ ತೆಲುಗು. ಊರಿಗೆ ಆ ಹೆಸರು ಹೇಗೆ ಬಂದಿತೆಂಬುದನ್ನು ಶಾಸನ ಬಲ್ಲವರಿಗೆ ಬಿಡೋಣ. ಫಾಲ್ಗುಣ ಚೈತ್ರಗಳಲ್ಲಿ ಈ ದೊಡ್ಡ ಹರಿವಾಣದೊಳಗೆ ಮಕ್ಕಳ ಕೈಗೆ ಎಟಕುವಂತೆ ಏನೇನು ಬಿದ್ದಿರುತ್ತದೆ ಎಂದು ನೋಡುವುದಷ್ಟೇ ನಮ್ಮ ಇಂದಿನ ಕೆಲಸ.

ಕಾವ್ಯಗಳಲ್ಲಿ ಬರುವ ವಸಂತವೇ ಬೇರೆ, ನಮ್ಮ ಎರೆನೆಲದ ವಸಂತವೇ ಬೇರೆ. ಅಲ್ಲಿ ಮಲಯಮಾರುತ ಬೀಸುತ್ತದೆ, ತಿಳಿಗೊಳದಲ್ಲಿ ತಾವರೆ ಅರಳುತ್ತದೆ. ಇಲ್ಲಿ ಶಿವರಾತ್ರಿ ಕಳೆಯಿತೆಂದರೆ ಬಿಸಿಲು ಏರತೊಡಗುತ್ತದೆ. ಯುಗಾದಿಯ ವೇಳೆಗೆ ಹೊಲದ ಮಣ್ಣು ಬಾಯಿಬಿಟ್ಟಿರುತ್ತದೆ. ಆದರೂ ಬೇವು ಮರೆಯದೆ ಹೂ ಬಿಡುತ್ತದೆ. ಹಿಂಗಾರಿ ಜೋಳ ಕಣದಿಂದ ಮನೆಗೆ ಬಂದು ಸೊಪ್ಪೆ ಬಣವೆಗೆ ಏರಿರುತ್ತದೆ. ಹತ್ತಿಯ ಕಡೆಯ ಬಿಡಿಕೆ ಮುಗಿದು, ಗಿಡದಲ್ಲಿ ಅಲ್ಲೊಂದು ಇಲ್ಲೊಂದು ಅರಳೆ ತೂಗುತ್ತಿರುತ್ತದೆ. ಮನೆಮನೆಯ ಜಗಲಿಯ ಮೇಲೆ ಹುಣಸೆಯ ಹಣ್ಣನ್ನು ಜಜ್ಜಿ ಬೀಜ ತೆಗೆಯುವ ಸದ್ದು ಕೇಳುತ್ತದೆ. ಶಾಲೆಗಳು ಒಂದು ಹೊತ್ತಿನವಾಗುತ್ತವೆ. ಮಧ್ಯಾಹ್ನವೆಲ್ಲ ಮಕ್ಕಳು ಮನೆಯಲ್ಲಿ.

ಮಕ್ಕಳು ಮನೆಯಲ್ಲಿರುತ್ತಾರೆ ಸರಿ, ಮನೆಯಲ್ಲಿ ಮತ್ತಾರು ಇರುತ್ತಾರೆ? ಹಳಗನ್ನಡದಲ್ಲಿ ಸುಗ್ಗಿ ಎಂಬ ಮಾತಿಗೆ ವಸಂತವೆಂದೇ ಅರ್ಥ. ನಡುವಣ ಕಾಲದಲ್ಲಿ ಅದು ಪೈರು ಕೊಯ್ಯುವ ಕಾಲವಾಯಿತು, ಹಬ್ಬವಾಯಿತು. ನಮ್ಮ ಆದವಾನಿ, ಕೋಸಿಗಿ, ಕೌತಾಳಂ ಸೀಮೆಯಲ್ಲಿ ಸುಗ್ಗಿಗೆ ಹೋಗುವುದೆಂದರೆ ಗಂಟುಮೂಟೆ ಕಟ್ಟಿಕೊಂಡು, ಗುಂಟೂರಿನ ಕಡೆಗೆ ಮೆಣಸಿನಕಾಯಿ ಬಿಡಿಸಲು ಹೊರಡುವುದೆಂದು ಅರ್ಥ. ಮಳೆ ಕೈಕೊಟ್ಟ ವರ್ಷವಂತೂ ಬೀದಿಗೆ ಬೀದಿಯೇ ಬೀಗ ಹಾಕಿಕೊಳ್ಳುವುದನ್ನು ತಾವೆಲ್ಲರೂ ಕಂಡಿದ್ದೀರಿ. ಕೆಲವು ಮಕ್ಕಳು ತಾಯಿತಂದೆಯರೊಡನೆ ಹೋಗಿ ಶಾಲೆ ತಪ್ಪಿಸಿಕೊಳ್ಳುತ್ತಾರೆ. ಉಳಿದವರು ಅಜ್ಜಿಯ ಬಳಿಯಲ್ಲೋ ತಾತನ ಬಳಿಯಲ್ಲೋ ನಿಲ್ಲುತ್ತಾರೆ. ವಸಂತವು ತಾಯಿಯಿಲ್ಲದ ಋತುವಾಗಿ ಬರುವ ಮನೆಗಳು ನಮ್ಮಲ್ಲಿ ಕೆಲವಲ್ಲ. ಆ ಮನೆಗಳ ಮಧ್ಯಾಹ್ನಗಳನ್ನು ನೆನೆದೇ ನಾವು ಈ ವಿಷಯವನ್ನು ಆರಿಸಿಕೊಂಡೆವು. ಅಜ್ಜಿಗೆ ಮೊಮ್ಮಗನ ಲೆಕ್ಕದ ಪಾಠ ಹೇಳಿಕೊಡಲು ಬಾರದು; ಆದರೆ ಅವರ ಕೈಗೆ ಬರುವ ಕೆಲಸಗಳು ಹತ್ತಾರು ಇವೆ. ಮಗುವಿನ ಕೈಗೆ ಮೊಬೈಲು ಕೊಟ್ಟರೆ ಅದು ಸುಮ್ಮನೆ ಕೂರುತ್ತದೆ ನಿಜ. ಕೊಟ್ಟವರನ್ನು ನಾವು ಹಳಿಯುವುದಿಲ್ಲ, ನಾವೂ ಕೊಟ್ಟವರೇ. ಆದರೆ ಹಾಗೆ ಸುಮ್ಮನೆ ಕುಳಿತ ಮಗುವೂ ಪಕ್ಕದಲ್ಲಿ ಸುಮ್ಮನೆ ಕುಳಿತ ಅಜ್ಜಿಯೂ ಒಬ್ಬರಿಗೊಬ್ಬರು ಏನೂ ಕೊಟ್ಟಂತಾಗಲಿಲ್ಲ.

ಮೊದಲು ದಂಟಿನ ಬಂಡಿ. ಇಲ್ಲಿರುವ ಹಿರಿಯರಲ್ಲಿ ಇದನ್ನು ಮಾಡದೆ ಬೆಳೆದವರು ಯಾರೂ ಇರಲಾರರು. ಈಗ ಜೋಳ ಬಿತ್ತುವವರು ಮೊದಲಿನಷ್ಟಿಲ್ಲ. ಆದರೂ ಒಂದು ಹೊರೆ ಸೊಪ್ಪೆ ಸಿಕ್ಕದ ಊರು ನಮ್ಮಲ್ಲಿಲ್ಲ. ಚೆನ್ನಾಗಿ ಒಣಗಿದ, ಹುಳು ಕೊರೆಯದ, ನೆಟ್ಟಗಿನ ನಾಲ್ಕಾರು ದಂಟುಗಳನ್ನು ಬಣವೆಯ ಮೇಲ್ಭಾಗದಿಂದ ದೊಡ್ಡವರು ಎಳೆದು ಕೊಡಬೇಕು. ಬಣವೆಯ ಬುಡಕ್ಕೆ ಮಕ್ಕಳನ್ನು ಕಳುಹಿಸಬಾರದು. ಅಲ್ಲಿ ಚೇಳು ತಂಪು ಹುಡುಕಿಕೊಂಡು ಕುಳಿತಿರುತ್ತದೆ. ಗೆಣ್ಣಿಗೂ ಗೆಣ್ಣಿಗೂ ನಡುವೆ ದಂಟನ್ನು ತುಂಡುಮಾಡಿ, ತುದಿಯಲ್ಲಿ ಉಗುರಿನಿಂದ ಸ್ವಲ್ಪ ಎಬ್ಬಿಸಿ ಎಳೆದರೆ ಹೊರಗಿನ ಸಿಬಿರು ಉದ್ದಕ್ಕೂ ಸುಲಿದು ಬರುತ್ತದೆ. ಒಳಗೆ ಬಿಳಿಯ ಬೆಂಡು ಉಳಿಯುತ್ತದೆ. ಸಿಬಿರಿನ ಅಂಚು ಕತ್ತಿಯಷ್ಟೇ ಹರಿತ. ಆದುದರಿಂದ ಸುಲಿಯುವ ಕೆಲಸ ಹಿರಿಯರದು, ಚುಚ್ಚುವ ಕೆಲಸ ಮಕ್ಕಳದು. ಬೆಂಡಿಗೆ ಸಿಬಿರನ್ನು ಚುಚ್ಚಿದರೆ ಅದು ಮೊಳೆ ಹೊಡೆದಂತೆ ನಿಲ್ಲುತ್ತದೆ. ಅಂಟು ಬೇಡ, ದಾರ ಬೇಡ. ಇದಕ್ಕಿಂತ ಸರಳವಾದ ಬಡಗಿತನವನ್ನು ನಾವು ಕಾಣೆವು.

ಗಾಲಿಗೆ ಒಂದಂಗುಲದ ಬೆಂಡಿನ ತುಂಡನ್ನು ಗುಂಬ ಮಾಡಿಕೊಳ್ಳಬೇಕು. ಅದರ ಮೂಲಕ ಅಡ್ಡವಾಗಿ ಎರಡು ಸಿಬಿರುಗಳನ್ನು ತೂರಿಸಿದರೆ ನಾಲ್ಕು ಅರೆಗಳಾದವು. ಅರೆಗಳ ತುದಿಗೆ ಬೆಂಡಿನ ಸಣ್ಣ ಗುಂಡುಗಳನ್ನು ಸಿಕ್ಕಿಸಿ, ನೀರಿನಲ್ಲಿ ನೆನೆಸಿದ ಸಿಬಿರನ್ನು ಬಾಗಿಸಿ ಗುಂಡಿನಿಂದ ಗುಂಡಿಗೆ ಚುಚ್ಚಿದರೆ ಸುತ್ತಿನ ಪಟ್ಟಿಯಾಯಿತು. ಇಷ್ಟು ತಾಳ್ಮೆಯಿಲ್ಲದ ಚಿಕ್ಕ ಮಕ್ಕಳಿಗೆ ದಪ್ಪ ದಂಟಿನ ಬುಡದಿಂದ ಬಿಲ್ಲೆ ಕತ್ತರಿಸಿ ಕೊಟ್ಟರೂ ನಡೆದೀತು. ಕಸಬರಿಗೆಯ ಕಡ್ಡಿಯೇ ಅಚ್ಚು. ಗುಂಬದ ತೂತು ಅಚ್ಚಿಗಿಂತ ಸ್ವಲ್ಪ ಸಡಿಲವಾಗಿರಬೇಕು. ಇಲ್ಲದಿದ್ದರೆ ಗಾಲಿ ತಿರುಗದು. ಅಚ್ಚಿನ ತುದಿಗೆ ಒಂದು ಚೂರು ಬೆಂಡನ್ನು ಒತ್ತಿ ಕೂರಿಸಬೇಕು, ಅದೇ ಕಡೆಗೀಲು. ಮಗು ಮೊದಲ ಸಲ ಇದನ್ನು ಮರೆಯುತ್ತದೆ. ನೆನಪಿಸಬೇಡಿ. ನಾಲ್ಕು ಗೇಣು ಹೋಗುವುದರೊಳಗೆ ಗಾಲಿ ಕಳಚಿ ಉರುಳುತ್ತದೆ. ಎರಡನೆಯ ಸಲ ಯಾರೂ ಹೇಳಬೇಕಾದುದಿಲ್ಲ.

ಇಲ್ಲಿ ಸ್ವಲ್ಪ ನಿಲ್ಲಬೇಕು. ಗುಂಬ, ಅರೆ, ಅಚ್ಚು, ನೊಗ, ಮಿಣಿ, ಕಡೆಗೀಲು, ಈ ಮಾತುಗಳನ್ನು ನಮ್ಮ ತಂದೆಯರು ಯಾವ ಪುಸ್ತಕದಿಂದಲೂ ಕಲಿಯಲಿಲ್ಲ. ಮನೆಯ ಮುಂದೆ ನಿಂತಿರುತ್ತಿದ್ದ ಬಂಡಿಯಿಂದ ಕಲಿತರು. ಈಗ ಮನೆಯ ಮುಂದೆ ಟ್ರ್ಯಾಕ್ಟರು ನಿಂತಿದೆ. ಅದು ಒಳ್ಳೆಯದೇ, ಎತ್ತಿನ ಬೆನ್ನಿಗೂ ಒಳ್ಳೆಯದು, ರೈತನ ಬೆನ್ನಿಗೂ ಒಳ್ಳೆಯದು. ಆದರೆ ಬಂಡಿ ಹೋದಾಗ ಅದರ ಮೇಲೆ ಕುಳಿತಿದ್ದ ಮಾತುಗಳೂ ಹೋದವು. ವಚನವೊಂದರಲ್ಲಿ ಕಡೆಗೀಲು ಬಂದರೆ ಉಪಾಧ್ಯಾಯರು ಕಪ್ಪುಹಲಗೆಯ ಮೇಲೆ ಬಂಡಿಯ ಚಿತ್ರ ಬರೆದು ವಿವರಿಸಬೇಕಾಗಿದೆ. ದಂಟಿನ ಬಂಡಿ ಮಾಡಿ ಗಾಲಿ ಕಳಚಿಸಿಕೊಂಡ ಹುಡುಗನಿಗೆ ಆ ಚಿತ್ರ ಬೇಕಾಗದು.

ನಮ್ಮ ಸೀಮೆಯ ಇತಿಹಾಸ ತಮಗೆ ವಿದಿತವೇ. 1953ನೆಯ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಉದಯವಾದಾಗ, ಹಳೆಯ ಬಳ್ಳಾರಿ ಜಿಲ್ಲೆಯ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಇತ್ತ ಉಳಿದವು. ಬಳ್ಳಾರಿಯೇ ಮೊದಲಾದ ಏಳು ತಾಲ್ಲೂಕುಗಳು ಮೈಸೂರಿಗೆ ಸೇರಿದವು. ಅಲ್ಪಸಂಖ್ಯಾತ ಭಾಷೆಯ ಮಕ್ಕಳಿಗೆ ಪ್ರಾಥಮಿಕ ಶಿಕ್ಷಣವನ್ನು ತಾಯ್ನುಡಿಯಲ್ಲಿ ಕೊಡಲು ಅನುಕೂಲ ಮಾಡಬೇಕೆಂದು 1956ರಲ್ಲಿ ಸಂವಿಧಾನಕ್ಕೆ 350-ಎ ವಿಧಿಯನ್ನು ಸೇರಿಸಿದರು. ಆ ಹಕ್ಕಿಗಾಗಿ ದುಡಿದವರು, ದುಡಿಯುತ್ತಿರುವವರು ಈ ಸಭೆಯಲ್ಲಿಯೇ ಇದ್ದಾರೆ. ಅವರಿಗೆ ನಮ್ಮ ನಮಸ್ಕಾರ. ಆದರೆ ಶಾಲೆ ಕೊಡುವ ಕನ್ನಡ ಒಂದು, ಮನೆ ಕೊಡುವ ಕನ್ನಡ ಇನ್ನೊಂದು. ಮೊದಲನೆಯದನ್ನು ಸರ್ಕಾರದಿಂದ ಕೇಳಿ ಪಡೆಯಬಹುದು. ಎರಡನೆಯದನ್ನು ಯಾರಲ್ಲಿ ಕೇಳೋಣ?

ಇದರಲ್ಲಿ ತೆಲುಗಿನೊಡನೆ ಜಗಳವೇನೂ ಇಲ್ಲ. ನಮ್ಮ ಸೊಪ್ಪೆ ಅವರ ‘ಚೊಪ್ಪ’. ಬೆಂಡು ಇಬ್ಬರಿಗೂ ಬೆಂಡು, ಬಂಡಿ ಇಬ್ಬರಿಗೂ ಬಂಡಿ. ನೊಗವನ್ನು ಅವರು ‘ಕಾಡಿ’ ಎನ್ನುತ್ತಾರೆ, ಅಚ್ಚನ್ನು ‘ಇರುಸು’ ಎನ್ನುತ್ತಾರೆ. ಪಕ್ಕದ ಮನೆಯ ತೆಲುಗು ಮಗುವನ್ನೂ ಜಗಲಿಗೆ ಕರೆದು ಕೂರಿಸಿಕೊಂಡರೆ ಒಂದೇ ಬಂಡಿಗೆ ಎರಡು ನುಡಿಗಳ ಹೆಸರು ದೊರೆಯುತ್ತದೆ. ಬಂಡಿ ಮುಗಿದ ಮೇಲೆ ಉಳಿದ ಬೆಂಡಿನಲ್ಲಿ ಕನ್ನಡಕ ಮಾಡಬಹುದು. ಶೇಂಗಾ ಸಿಪ್ಪೆಯ ಎರಡು ಹೋಳುಗಳನ್ನು ದಾರದಿಂದ ತೂಗಿಬಿಟ್ಟು ತಕ್ಕಡಿ ಮಾಡಬಹುದು. ತಕ್ಕಡಿಯ ಕೋಲು ಒಂದು ಕಡೆ ವಾಲಿದರೆ ನಡುವಿನ ದಾರವನ್ನು ಆ ಕಡೆಗೆ ಕೂದಲೆಳೆಯಷ್ಟು ಸರಿಸಬೇಕು. ಆಮೇಲೆ ಹುಣಸೆಬೀಜದ ವ್ಯಾಪಾರ ಸಂಜೆಯವರೆಗೂ ನಡೆಯುತ್ತದೆ.

ಇನ್ನು ಬಣ್ಣದ ಮಾತು. ಹೋಳಿಯ ಹುಣ್ಣಿಮೆ ಬಂದಿತೆಂದರೆ ಆದವಾನಿಯ ಹತ್ತಿರದ ಸಂತೆಕೂಡ್ಲೂರಿನ ಹೆಸರು ಪತ್ರಿಕೆಗಳಲ್ಲಿ ಕಾಣಿಸಿಕೊಳ್ಳುತ್ತದೆ. ಅಲ್ಲಿ ಹರಕೆ ಹೊತ್ತ ಗಂಡಸರು ಸೀರೆಯುಟ್ಟು, ಒಡವೆ ತೊಟ್ಟು, ರತಿ ಮನ್ಮಥರನ್ನು ಪೂಜಿಸುತ್ತಾರೆ. ದೂರದವರಿಗೆ ಅದು ಸೋಜಿಗ; ನಮಗೆ ಅದು ನೆರೆಯೂರಿನ ಹಬ್ಬ. ಆದರೆ ಅದು ದೊಡ್ಡವರ ಹರಕೆ. ಮಕ್ಕಳಿಗೆ ಹೋಳಿಯೆಂದರೆ ಬಣ್ಣವೊಂದೇ. ಅಂಗಡಿಯ ಪೊಟ್ಟಣದ ಬಣ್ಣ ಮೈಗೆ ಉರಿ ಕೊಡುವುದುಂಟು, ವಾರ ಕಳೆದರೂ ಹೋಗದಿರುವುದುಂಟು. ಮುತ್ತುಗ ಸಿಕ್ಕುವ ಊರಿನವರು ಅದರ ಹೂವನ್ನು ರಾತ್ರಿ ನೀರಿನಲ್ಲಿ ನೆನೆಹಾಕಿ ಬೆಳಗ್ಗೆ ಕುದಿಸಿದರೆ ಕಿತ್ತಳೆಯ ಬಣ್ಣ ಬರುತ್ತದೆ. ಮುತ್ತುಗವಿಲ್ಲದವರಿಗೆ ಅರಿಶಿನವಿದೆ.

ಅರಿಶಿನದಿಂದ ಮಾಡುವ ಒಂದು ಕೆಲಸವನ್ನು ಎಲ್ಲ ಮನೆಗಳಲ್ಲಿಯೂ ಮಾಡಿನೋಡಬೇಕೆಂದು ನಮ್ಮ ಪ್ರಾರ್ಥನೆ. ಒಂದು ಚಮಚ ಅರಿಶಿನವನ್ನು ಅರ್ಧ ಲೋಟ ನೀರಿನಲ್ಲಿ ಕದಡಿ, ಸ್ವಲ್ಪ ಒರಟಾದ ಬಿಳಿಯ ಕಾಗದಕ್ಕೆ ಬಟ್ಟೆಯಿಂದ ಸವರಿ, ನೆರಳಿನಲ್ಲಿ ಆರಲು ಬಿಡಿ. ತಾತನ ಎಲೆಯಡಿಕೆಯ ಸಂಚಿಯಿಂದ ಕಡಲೆಕಾಳಿನಷ್ಟು ಸುಣ್ಣವನ್ನು ತೆಗೆದು ಒಂದು ಬಟ್ಟಲು ನೀರಿನಲ್ಲಿ ಕಲಸಿ, ಅಲುಗಾಡಿಸದೆ ಇಟ್ಟರೆ ಮೇಲೆ ತಿಳಿ ನಿಲ್ಲುತ್ತದೆ. ಆ ತಿಳಿಯನ್ನಷ್ಟೇ ಬೇರೆ ಬಟ್ಟಲಿಗೆ ಬಗ್ಗಿಸಿಕೊಳ್ಳಬೇಕು. ಈ ಎರಡೂ ಕೆಲಸ ದೊಡ್ಡವರದು. ಸುಣ್ಣ ಕಣ್ಣಿಗೆ ಬಿದ್ದರೆ ಕೇಡು, ಕೈ ತೊಳೆಯದೆ ಮಗು ಕಣ್ಣುಜ್ಜಬಾರದು. ಬೇವಿನ ಕಡ್ಡಿಯ ತುದಿಯನ್ನು ಹಲ್ಲುಜ್ಜುವುದಕ್ಕೆ ಮಾಡಿಕೊಳ್ಳುವಂತೆ ಜಜ್ಜಿದರೆ ಕುಂಚ ಸಿದ್ಧ. ಮಗು ಅದನ್ನು ತಿಳಿಯಲ್ಲಿ ಅದ್ದಿ, ಹಳದಿಯ ಕಾಗದದ ಮೇಲೆ ತನ್ನ ಹೆಸರನ್ನು ಬರೆಯಲಿ. ನೀರಿನಂತಿದ್ದ ತಿಳಿ ಕಾಗದವನ್ನು ಮುಟ್ಟಿದ ಕ್ಷಣದಲ್ಲಿ ಅಕ್ಷರ ಕೆಂಪಾಗಿ ಏಳುತ್ತದೆ. ಆಗ ಮಗುವಿನ ಮುಖವನ್ನು ನೋಡಬೇಕು. ಅದರ ಮೇಲೆ ನಿಂಬೆಯ ರಸವನ್ನೋ ಹುಣಸೆಯ ರಸವನ್ನೋ ಸವರಿದರೆ ಅಕ್ಷರ ಮರಳಿ ಹಳದಿಯಾಗಿ ಅಡಗುತ್ತದೆ. ಸುಣ್ಣ ಕ್ಷಾರ, ಹುಳಿ ಆಮ್ಲ; ಅರಿಶಿನವು ಎರಡನ್ನೂ ಗುರುತಿಸಿ ಬಣ್ಣ ಬದಲಿಸುತ್ತದೆ. ಮದುವೆಯಲ್ಲಿ ಹರಿವಾಣದಲ್ಲಿ ತುಂಬಿ ಎತ್ತುವ ಆರತಿಯ ಕೆಂಪು ನೀರೂ ಇದೇ, ಓಕುಳಿಯೂ ಇದೇ. ಶಾಲೆಯ ವಿಜ್ಞಾನದ ಪಾಠಕ್ಕಿಂತ ಬಹಳ ಮೊದಲೇ ಅಜ್ಜಿಗೆ ಇದು ತಿಳಿದಿತ್ತು.

ತೆಲುಗು ಮಗು ಪಕ್ಕದಲ್ಲಿ ಕುಳಿತು ತನ್ನ ಹೆಸರನ್ನು ಬರೆದರೆ ಎರಡು ಕಾಗದಗಳನ್ನೂ ಜೋಡಿಸಿ ನೋಡಿ. ಒಂದೇ ತಾಯಿಯ ಲಿಪಿಗಳವು; ಎಷ್ಟೋ ಅಕ್ಷರಗಳಲ್ಲಿ ತಲಕಟ್ಟಿನ ಆಕಾರವಷ್ಟೇ ವ್ಯತ್ಯಾಸ. ಇದನ್ನು ಮಕ್ಕಳೇ ಕಂಡುಹಿಡಿದು ಹೇಳುತ್ತಾರೆ. ಈ ಕಾಗದವನ್ನು ಮಡಿಸಿ ಯುಗಾದಿಯ ಶುಭಾಶಯವೆಂದು, ಸುಗ್ಗಿಗೆ ಹೋಗಿರುವ ತಾಯಿಗೆ ಊರಿನವರಾರಾದರೂ ಹೋಗುವಾಗ ಕೊಟ್ಟುಕಳುಹಿಸಬಹುದು. ಬಿಸಿಲಿಗೆ ಹಿಡಿದರೆ ಬಣ್ಣ ಬೇಗ ಮಾಸುತ್ತದೆ. ಮಡಿಸಿಯೇ ಇಡಬೇಕೆಂದು ಹೇಳಿ ಕಳುಹ ತಕ್ಕದ್ದು.

ಮಾವಿನೆಲೆಯ ತೋರಣವನ್ನು ಕಟ್ಟಲು ನಾವು ಹೇಳಿಕೊಡಬೇಕಾದುದಿಲ್ಲ. ಎಲೆಯ ತೊಟ್ಟನ್ನು ಹಿಂದಕ್ಕೆ ಮಡಿಸಿ ಕಡ್ಡಿಯಿಂದ ಹೊಲಿಯುವ ಕೆಲಸವನ್ನು ಮಾತ್ರ ಈ ವರ್ಷ ಮಕ್ಕಳಿಗೇ ಬಿಡಿ. ಸಾಲು ಸೊಟ್ಟಗಾದರೂ ಬಾಗಿಲಿಗೆ ಅದನ್ನೇ ಕಟ್ಟಿ.

ಹತ್ತಿಯ ಸೀಮೆಯಲ್ಲಿ ಹುಟ್ಟಿ ಹತ್ತಿಯ ಕೆಲಸ ಬಾರದಿದ್ದರೆ ಹೇಗೆ? ಆದವಾನಿಯ ಹತ್ತಿಯ ಪೇಟೆಯ ಹೆಸರು ದೂರದೂರಕ್ಕೆ ಹೋಗಿದೆ. ನಮ್ಮ ಮನೆಯ ಮಗುವಿಗೆ ದೀಪದ ಬತ್ತಿ ಹೊಸೆಯಲು ಬಾರದು. ಕಡೆಯ ಬಿಡಿಕೆಯ ನಂತರ ಗಿಡದಲ್ಲಿ ಉಳಿದ ಒಂದು ಮುಷ್ಟಿ ಸಾಕು. ಔಷಧ ಹೊಡೆದ ಹೊಲವಾದುದರಿಂದ ಆ ಹತ್ತಿಯನ್ನು ಒಂದೆರಡು ದಿನ ಬಿಸಿಲಿನಲ್ಲಿ ಹರಡಿ, ಕೆಲಸ ಮುಗಿದ ಮೇಲೆ ಸಾಬೂನಿನಿಂದ ಕೈ ತೊಳೆಸಬೇಕು. ಬೀಜ ಬಿಡಿಸುವುದು ಬೇಸರದ ಕೆಲಸ. ಅಜ್ಜಿ ಕಥೆ ಹೇಳಿದರೆ ಮಾತ್ರ ಮುಂದೆ ಸಾಗುತ್ತದೆ. ಚಪ್ಪಟೆಯ ಕಲ್ಲಿನ ಮೇಲೆ ಹತ್ತಿಯನ್ನಿಟ್ಟು ಕಬ್ಬಿಣದ ಸಣ್ಣ ಸಲಾಕೆಯನ್ನು ಉರುಳಿಸಿದರೆ ಬೀಜ ಮುಂದಕ್ಕೆ ಜಾರುತ್ತದೆ, ಅರಳೆ ಹಿಂದುಳಿಯುತ್ತದೆ. ಆ ಅರಳೆಯನ್ನು ಬೆರಳಿನಿಂದ ಹಿಂಜಿ, ಸುರುಳಿ ಸುತ್ತಿದರೆ ಹಂಜಿ. ಹಂಜಿಯಿಂದ ಎಳೆದರೆ ಎಳೆ. ಎಳೆಯನ್ನು ತಿರುಚಿದರೆ ನೂಲು. ನೂಲಿಗೆ ನೂಲು ಹೊಸೆದರೆ ಹುರಿ. ಒಂದೇ ಹತ್ತಿ ಹೆಜ್ಜೆಹೆಜ್ಜೆಗೂ ಹೆಸರು ಬದಲಿಸುತ್ತಾ ಹೋಗುವುದನ್ನು ನೋಡಿ.

ಒಮ್ಮೆ ನಮ್ಮ ಜಗಲಿಯ ಮೇಲೆ ಹೀಗೆಯೇ ಮಕ್ಕಳನ್ನು ಕೂರಿಸಿಕೊಂಡಿದ್ದಾಗ, ಒಳಗಿನಿಂದ ಹುರಿ ತೆಗೆದುಕೊಂಡು ಬಾರೆಂದು ಒಬ್ಬ ಹುಡುಗನಿಗೆ ಹೇಳಿದೆವು. ಕನ್ನಡದಲ್ಲಿ ತರಗತಿಗೇ ಮೊದಲಿಗನಾಗಿದ್ದ ಹುಡುಗ. ಅವನು ಹೊಸ್ತಿಲಲ್ಲಿ ನಿಂತು ವಿನಯದಿಂದ, “ಏನು ಹುರಿದು ತರಲಿ?” ಎಂದು ಕೇಳಿದನು. ಎಲ್ಲರೂ ನಕ್ಕರು, ನಾವೂ ನಕ್ಕೆವು. ರಾತ್ರಿ ಮಲಗಿದಾಗ ಮಾತ್ರ ನಗು ಬರಲಿಲ್ಲ. ಆ ಹುಡುಗನ ತಪ್ಪೇನು? ಹುರಿ ಎಂಬ ವಸ್ತುವನ್ನು ಅವನ ಕೈಗೆ ನಾವು ಯಾರೂ ಕೊಟ್ಟಿರಲೇ ಇಲ್ಲ. ಮರುದಿನ ಅವನನ್ನೇ ಎದುರಿಗೆ ಕೂರಿಸಿ ನೂಲಿನ ಒಂದು ತುದಿಯನ್ನು ಅವನಿಗೆ ಕೊಟ್ಟು, ಇನ್ನೊಂದು ತುದಿಯನ್ನು ನಾವು ಹಿಡಿದು, ಒಬ್ಬೊಬ್ಬರೂ ತಮ್ಮ ಬಲಗಡೆಗೆ ಹೊಸೆಯುತ್ತಾ ಹೋದೆವು. ನೂಲು ಬಿಗಿದು ಮಿಡಿಯತೊಡಗಿದಾಗ ನಡುವೆ ಬೆರಳಿಟ್ಟು ಮಡಿಸಿ, ಎರಡು ತುದಿಗಳನ್ನೂ ಸೇರಿಸಿದರೆ, ಅದು ತನಗೆ ತಾನೇ ಹಾವಿನಂತೆ ಸುತ್ತಿಕೊಂಡು ಹುರಿಯಾಯಿತು. ಅವನು ಅದನ್ನು ಮಣಿಕಟ್ಟಿಗೆ ಕಟ್ಟಿಕೊಂಡು ಹೋದನು. ಈ ಕೆಲಸಕ್ಕೆ ಇಬ್ಬರು ಬೇಕೇಬೇಕು, ಒಬ್ಬರಿಂದ ಆಗತಕ್ಕದ್ದಲ್ಲ. ಒಂದು ತುದಿಯಲ್ಲಿ ಮೊಮ್ಮಗು, ಇನ್ನೊಂದು ತುದಿಯಲ್ಲಿ ಅಜ್ಜಿ ಇದ್ದರೆ ಬಹಳ ಚೆನ್ನು. ಅರಳೆಯ ಗುಳಿಗೆಗಳನ್ನು ಸಾಲಾಗಿ ಹಿಡಿದು ನಡುನಡುವೆ ಹೊಸೆದು, ಕುಂಕುಮ ಹಚ್ಚಿ ಮಾಡುವ ಗೆಜ್ಜೆವಸ್ತ್ರವನ್ನೂ ಇದೇ ಕೂಟದಲ್ಲಿ ಕಲಿಸಬಹುದು.

ಕೈಗೆಲಸವನ್ನೂ ತಾಯ್ನುಡಿಯನ್ನೂ ಹೀಗೆ ಒಟ್ಟಿಗೆ ಕಟ್ಟುವುದು ನಮ್ಮ ಸ್ವಂತ ಕಲ್ಪನೆಯೆಂದು ತಿಳಿಯಬೇಡಿ. 1937ರ ಅಕ್ಟೋಬರಿನಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ವಾರ್ಧಾದಲ್ಲಿ ಸೇರಿದ ಶಿಕ್ಷಣ ಸಮ್ಮೇಳನವು, ಏಳು ವರ್ಷಗಳ ಉಚಿತ ಶಿಕ್ಷಣ ದೊರೆಯಬೇಕು, ಅದು ತಾಯ್ನುಡಿಯಲ್ಲಿ ನಡೆಯಬೇಕು, ಒಂದು ಕೈಕಸುಬಿನ ಸುತ್ತ ಬೆಳೆಯಬೇಕು ಎಂದು ಒಟ್ಟಿಗೇ ಗೊತ್ತುಪಡಿಸಿತು. ಅದಕ್ಕೆ ಸರಿಯಾಗಿ ನೂರು ವರ್ಷ ಹಿಂದೆ, 1837ರಲ್ಲಿ, ಜರ್ಮನಿಯ ಬ್ಲಾಂಕೆನ್‌ಬುರ್ಗ್ ಎಂಬ ಊರಿನಲ್ಲಿ ಫ್ರೋಬೆಲ್ ಎಂಬ ಮಹನೀಯನು ಚಿಕ್ಕ ಮಕ್ಕಳಿಗೆ ಉಣ್ಣೆಯ ಚೆಂಡು, ಮರದ ಗುಂಡು, ಮರದ ತುಂಡುಗಳನ್ನು ಕೊಟ್ಟು ಆಟದ ಮೂಲಕ ಕಲಿಸುವ ಸಂಸ್ಥೆಯನ್ನು ತೆರೆದನು. ಮುಂದೆ ಅದಕ್ಕೆ ಮಕ್ಕಳ ತೋಟವೆಂಬರ್ಥದ ಕಿಂಡರ್‌ಗಾರ್ಟನ್ ಎಂಬ ಹೆಸರಾಯಿತು. ಈಗ ಆ ಹೆಸರಿನ ಶಾಲೆಗಳಲ್ಲಿ ಮೂರು ವರ್ಷದ ಕೂಸಿಗೆ ಬರೆವಣಿಗೆಯ ಮನೆಪಾಠ ಕೊಡುವುದನ್ನು ಕಂಡರೆ ಆತನು ಏನೆನ್ನುತ್ತಿದ್ದನೋ!

ಕಡೆಯದಾಗಿ ಕಾಗದದ ಬುಟ್ಟಿ. ಇದು ಪರೀಕ್ಷೆ ಮುಗಿದ ಮೇಲಿನ ಕೆಲಸ. ಮುಗಿದ ನೋಟುಪುಸ್ತಕಗಳಿಗೆ ಇದಕ್ಕಿಂತ ಒಳ್ಳೆಯ ಗತಿಯಿಲ್ಲ. ಕಾಗದವನ್ನು ಚೂರುಚೂರಾಗಿ ಹರಿದು ಮೂರು ದಿನ ನೀರಿನಲ್ಲಿ ನೆನೆಹಾಕಿ, ದಿನವೂ ನೀರು ಬದಲಿಸಿ, ಹಿಂಡಿ, ಒರಳಿನಲ್ಲಿ ಬೆಣ್ಣೆಯಂತೆ ಕುಟ್ಟಬೇಕು. ಹರಿಯುವ ಕೆಲಸವನ್ನು ಮಕ್ಕಳು ಎಷ್ಟು ಸಂತೋಷದಿಂದ ಮಾಡುತ್ತಾರೆಂದು ಹೇಳಬೇಕಾದುದಿಲ್ಲ. ಲೆಕ್ಕದ ಪುಸ್ತಕ ಮೊದಲು ಹೋಗುತ್ತದೆ. ಕುಟ್ಟಿದ ಮುದ್ದೆಗೆ ನೆನೆಸಿ ರುಬ್ಬಿದ ಒಂದು ಹಿಡಿ ಮೆಂತ್ಯವನ್ನು ಸೇರಿಸಬೇಕು. ಮೆಂತ್ಯದ ಲೋಳೆಯಿಂದ ಮುದ್ದೆ ಬಿಗಿಯುತ್ತದೆ. ಅದರ ಕಹಿಗೆ ಹುಳು ಬಾರದೆಂದು ಹಿರಿಯರ ನಂಬಿಕೆ. ಇನ್ನೂ ಗಟ್ಟಿಯಾಗಬೇಕಾದರೆ ಹುಣಸೆಬೀಜದ ಸರಿ ಬೇಕು. ಬೀಜವನ್ನು ಹುರಿದು, ಕೆಂಪು ಸಿಪ್ಪೆ ತೆಗೆದು, ನೆನೆಸಿ, ರುಬ್ಬಿ, ಗಂಜಿಯಂತೆ ಕುದಿಸಿದರೆ ಸರಿಯಾಯಿತು. ಕಂಬಳಿ ನೇಯುವವರು ನೂಲಿಗೆ ಹಾಕುವುದು ಈ ಸರಿಯನ್ನೇ. ಕೊಪ್ಪಳದ ಹತ್ತಿರದ ಕಿನ್ನಾಳದಲ್ಲಿ ಗೊಂಬೆ ಮಾಡುವ ಚಿತ್ರಗಾರರು, ಗೋಣಿಯ ಚೂರನ್ನೂ ಮರದ ಹೊಟ್ಟನ್ನೂ ಈ ಅಂಟಿನೊಡನೆ ಕಲಸಿ ‘ಕಿಟ್ಟ’ವೆಂಬುದನ್ನು ಮಾಡಿ, ಅದರಿಂದ ಗೊಂಬೆಯ ಅಂಗಾಂಗಗಳನ್ನು ಜೋಡಿಸುತ್ತಾರೆ. ನಾವು ಜಜ್ಜಿ ಎಸೆಯುವ ಬೀಜಕ್ಕೆ ಅಲ್ಲಿ ಇಂತಹ ಮರ್ಯಾದೆ.

ಮಡಕೆಯೊಂದನ್ನು ಬೋರಲು ಹಾಕಿ, ಒದ್ದೆ ಬಟ್ಟೆ ಹೊದಿಸಿ, ಅದರ ಮೇಲೆ ಮುದ್ದೆಯನ್ನು ಅರ್ಧ ಅಂಗುಲ ದಪ್ಪಕ್ಕೆ ಎಲ್ಲ ಕಡೆಯೂ ಸಮನಾಗಿ ಮೆತ್ತಬೇಕು. ಬುಡ ಮೊದಲು, ಅಂಚು ಆಮೇಲೆ. ಅಂಚು ತೆಳುವಾದರೆ ಅಲ್ಲಿಂದಲೇ ಬಿರಿಯುತ್ತದೆ. ನಾಲ್ಕೈದು ದಿನ ಒಳ್ಳೆಯ ಬಿಸಿಲು ಬೇಕು; ಆ ಒಂದು ಪದಾರ್ಥಕ್ಕೆ ಮಾತ್ರ ನಮ್ಮಲ್ಲಿ ಬರಗಾಲವಿಲ್ಲ. ಒಮ್ಮೆ ನಾವು ಅವಸರಪಟ್ಟು ಶ್ರಾವಣದಲ್ಲಿ ಮಾಡಹೋಗಿ, ವಾರದೊಳಗೆ ಬುಟ್ಟಿಯ ಮೇಲೆಲ್ಲ ಹಸಿರು ಬೂಷ್ಟು ಬೆಳೆದು, ಮಡಕೆಯ ಸಮೇತ ತಿಪ್ಪೆಗೆ ಹಾಕಿದ್ದುಂಟು. ಅಂದಿನಿಂದ ಚೈತ್ರ ವೈಶಾಖಗಳನ್ನು ಬಿಟ್ಟು ಈ ಕೆಲಸಕ್ಕೆ ಕೈ ಹಾಕಿಲ್ಲ. ಅರ್ಧ ಆರಿದಾಗ ಮಡಕೆಯಿಂದ ಬಿಡಿಸಿ ಒಳಭಾಗಕ್ಕೂ ಬಿಸಿಲು ತೋರಿಸಿ, ಮೇಲೆ ಇನ್ನೊಂದು ಸಲ ಸರಿ ಸವರಿ, ಸುಣ್ಣದಿಂದಲೋ ಕೆಮ್ಮಣ್ಣಿನಿಂದಲೋ ಚಿತ್ತಾರ ಬರೆದರೆ, ಕಾಳು ಹಾಕಿಡಲು ಎರಡು ಮೂರು ವರ್ಷ ಬಾಳುವ ಬುಟ್ಟಿಯಾಗುತ್ತದೆ. ತಾಯಿ ಊರಿಗೆ ಹಿಂದಿರುಗಿದಾಗ, ಮಗುವಿನ ವರ್ಷದ ಓದೆಲ್ಲ ಅಡುಗೆಮನೆಯ ಗೂಡಿನಲ್ಲಿ ತೊಗರಿಬೇಳೆಯನ್ನು ಹೊತ್ತು ಕುಳಿತಿರುತ್ತದೆ.

ನಮ್ಮದೊಂದು ಸೂಚನೆಯಿದೆ, ಅಧ್ಯಕ್ಷರು ಒಪ್ಪಿದರೆ ನಡೆಸಬಹುದು. ಮುಂದಿನ ವಾರ್ಷಿಕೋತ್ಸವದಲ್ಲಿ ಭಾಷಣದ ವೇದಿಕೆಯ ಪಕ್ಕದಲ್ಲಿ ಒಂದು ಉದ್ದನೆಯ ಮೇಜನ್ನು ಹಾಕಿಸೋಣ. ಮಕ್ಕಳು ತಾವು ಮಾಡಿದ ಬಂಡಿ, ತಕ್ಕಡಿ, ಹುರಿ, ಬುಟ್ಟಿಗಳನ್ನು ತಂದು ಇಡಲಿ. ಬಹುಮಾನ ಬೇಡ, ಬಹುಮಾನವಿಟ್ಟರೆ ದೊಡ್ಡವರೇ ಮಾಡಿಕೊಟ್ಟು ಕಳುಹಿಸುತ್ತಾರೆ. ಮಗು ತನ್ನ ಬಂಡಿಯ ಒಂದೊಂದು ಭಾಗದ ಹೆಸರನ್ನೂ ಬೆರಳಿಟ್ಟು ಹೇಳಿದರೆ ಸಾಕು. ತೆಲುಗಿನ ಹೆಸರನ್ನೂ ಹೇಳಿದರೆ ಇನ್ನೂ ಸಂತೋಷ. ಕಲಿಸಿದ ಅಜ್ಜಿಯನ್ನೋ ತಾತನನ್ನೋ ಕೈಹಿಡಿದು ಕರೆತರಬೇಕೆಂಬುದೊಂದೇ ನಿಯಮ.

ದೂರದ ಊರುಗಳಿಂದ ಬಸ್ಸಿನಲ್ಲಿ ಬರುವಾಗ ಬೆಂಡಿನ ಬಂಡಿ ಮುರಿಯುವುದು ಸಹಜ. ಅದಕ್ಕಾಗಿ ಮಕ್ಕಳು ಅಳಬೇಕಾದುದಿಲ್ಲ. ಮೇಜಿನ ಕೆಳಗೆ ಒಂದು ಹೊರೆ ಸೊಪ್ಪೆಯನ್ನು ನಾವೇ ತಂದಿಟ್ಟಿರುತ್ತೇವೆ.